ಪೆಟ್ರೋಲ್ ಬೇಕಿತ್ತು, ಬಂದದ್ದು ಮೀಥೇನ್

ಪ್ರಶ್ನೆ: ಕಾರ್ಬನ್ ಡೈಆಕ್ಸೈಡನ್ನು ಪೆಟ್ರೋಲ್ ದರ್ಜೆಯ ಹೈಡ್ರೋಕಾರ್ಬನ್ ಮಾಡುವ ಕ್ಯಾಟಲಿಸ್ಟ್ (ವೇಗವರ್ಧಕ) ಮೇಲೆ ಸಂಶೋಧನೆ ಶುರು ಮಾಡಿ ಆರು ತಿಂಗಳಾಯಿತು. ಗಾಮಾ ಅಲ್ಯೂಮಿನಾ (ರಂಧ್ರಗಳಿರುವ ಅಲ್ಯೂಮಿನಿಯಂ ಆಕ್ಸೈಡ್) ಮೇಲೆ ಫೆರಿಕ್ ನೈಟ್ರೇಟಿನಿಂದ ಕಬ್ಬಿಣ ಕೂರಿಸಿದ್ದೇನೆ, 100 ಭಾಗ ಅಲ್ಯೂಮಿನಾಕ್ಕೆ 15 ಭಾಗ. ಗಾಳಿಯಲ್ಲಿ 600 ಡಿಗ್ರಿಗೆ ಕಾಯಿಸಿ, ಆಮೇಲೆ ಸ್ಟೀಲ್ ರಿಯಾಕ್ಟರಿನಲ್ಲಿ 400 ಡಿಗ್ರಿಗೆ ರಾತ್ರಿಯಿಡೀ ಹೈಡ್ರೋಜನ್ ಹಾಯಿಸಿದೆ. ಪ್ರಯೋಗ 340 ಡಿಗ್ರಿ, 20 ಬಾರ್. ಒಳಗೆ ಹೋಗುವ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 24, ಹೈಡ್ರೋಜನ್ ಶೇ. 72, ನೈಟ್ರೋಜನ್ ಶೇ. 4. ನೀರು ತೆಗೆದ ಮೇಲೆ ಹೊರಬರುವ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 22.2, ನೈಟ್ರೋಜನ್ ಶೇ. 5.3, ಕಾರ್ಬನ್ ಮಾನಾಕ್ಸೈಡ್ ಶೇ. 1.9, ಹೈಡ್ರೋಜನ್ ಶೇ. 65ರ ಹತ್ತಿರ. ಅಂದರೆ ಪರಿವರ್ತನೆ ಬರೀ ಶೇ. 7.5. ಹೈಡ್ರೋಕಾರ್ಬನ್‌ಗಳಲ್ಲಿ ಶೇ. 60 ಮೀಥೇನ್, ದ್ರವ ಒಂದು ಹನಿಯೂ ಇಲ್ಲ. ಕಬ್ಬಿಣ ಬಿಟ್ಟು ಕೋಬಾಲ್ಟಿಗೆ ಹೋಗಲೇ? ಅಥವಾ ಇದಕ್ಕೇ ಝಿಯೋಲೈಟ್ (ಅತಿಸಣ್ಣ ರಂಧ್ರಗಳ ಆಮ್ಲೀಯ ಹರಳು) ಬೆರೆಸಲೇ?

ಉತ್ತರ: ಕೋಬಾಲ್ಟಿಗೆ ಹೋಗಬೇಡಿ. ಝಿಯೋಲೈಟೂ ಈಗಲೇ ಬೇಡ. ಅದಕ್ಕಿಂತ ಮೊದಲು ನಿಮ್ಮ ಲೆಕ್ಕ ಸರಿಮಾಡೋಣ, ಏಕೆಂದರೆ ನಿಮ್ಮ ಪರಿವರ್ತನೆ ಶೇ. 30 ಇದೆ.

24ರಿಂದ 22.2 ಕಳೆದು 24ರಿಂದ ಭಾಗಿಸಿದ್ದೀರಿ. ಈ ಕ್ರಿಯೆಯಲ್ಲಿ ಗ್ಯಾಸಿನ ಒಟ್ಟು ಪ್ರಮಾಣ ಕುಗ್ಗುತ್ತದೆ: ಹೈಡ್ರೋಜನ್ ಖರ್ಚಾಗುತ್ತದೆ, ನೀರು ಟ್ರ್ಯಾಪಿನಲ್ಲಿ ಇಳಿಯುತ್ತದೆ. 100 ಲೀಟರ್ ಒಳಗೆ ಹೋದರೆ ಹೊರಗೆ ಬರುವುದು 75 ಲೀಟರ್. ಕುಗ್ಗಿದ ಮೊತ್ತದಲ್ಲಿ ಉಳಿದ ಕಾರ್ಬನ್ ಡೈಆಕ್ಸೈಡಿನ ಶೇಕಡಾವಾರು ಹೆಚ್ಚಾಗಿ ಕಾಣುವುದು ಸಹಜ. ನೈಟ್ರೋಜನ್ ಹಾಕಿದ್ದೇ ಇದನ್ನು ಹಿಡಿಯಲಿಕ್ಕೆ. ಅದು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ, ಎಷ್ಟು ಹೋಯಿತೋ ಅಷ್ಟೇ ಬರುತ್ತದೆ. ಒಳಗೆ ಹೋಗುವಾಗ ಕಾರ್ಬನ್ ಡೈಆಕ್ಸೈಡನ್ನು ನೈಟ್ರೋಜನ್‌ನಿಂದ ಭಾಗಿಸಿದರೆ 24/4, ಅಂದರೆ 6. ಹೊರಬರುವಾಗ 22.2/5.3, ಅಂದರೆ 4.19. ಆರರಲ್ಲಿ 4.19 ಉಳಿಯಿತು ಎಂದರೆ ಶೇ. 30 ಖರ್ಚಾಯಿತು. ಇನ್ನು ಮುಂದೆ ಪ್ರತಿ ಘಟಕವನ್ನೂ ನೈಟ್ರೋಜನ್‌ನಿಂದ ಭಾಗಿಸಿಯೇ ಬರೆದುಕೊಳ್ಳಿ. ಕೊನೆಗೆ ಕಾರ್ಬನ್ ಲೆಕ್ಕ ಕೂಡಿಸಿ: ಹೊರಬಂದ ಕಾರ್ಬನ್ ಎಲ್ಲ ಸೇರಿ ಒಳಗೆ ಹೋದದ್ದರ ಶೇ. 95ಕ್ಕಿಂತ ಕಡಿಮೆಯಾದರೆ ಆ ದಿನದ ಸೆಲೆಕ್ಟಿವಿಟಿ ಅಂಕಿಗಳನ್ನು, ಅಂದರೆ ಯಾವ ಉತ್ಪನ್ನ ಎಷ್ಟು ಪಾಲು ಎಂಬುದನ್ನು, ನಂಬಬೇಡಿ. ಸಾಮಾನ್ಯವಾಗಿ ಕಳೆದುಹೋಗಿರುವುದು ಭಾರದ ಹೈಡ್ರೋಕಾರ್ಬನ್, ಅಂದರೆ ನಿಮಗೆ ಬೇಕಾದದ್ದೇ. ಅದು ತಣ್ಣಗಿನ ಪೈಪಿನಲ್ಲಿ ಮೇಣವಾಗಿ ಕೂತಿರುತ್ತದೆ. ರಿಯಾಕ್ಟರಿನಿಂದ ಜಿಸಿಯವರೆಗಿನ (ಗ್ಯಾಸಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಲೈನನ್ನು 150ರಿಂದ 180 ಡಿಗ್ರಿಯಲ್ಲಿ ಬೆಚ್ಚಗಿಟ್ಟಿರದಿದ್ದರೆ ಮೊದಲು ಅದನ್ನು ಮಾಡಿ.

ಹಾಗಾದರೆ ಕ್ಯಾಟಲಿಸ್ಟ್ ಸೋಮಾರಿಯಲ್ಲ. ಮಾಡುತ್ತಿರುವ ಕೆಲಸ ಮಾತ್ರ ಬೇರೆ.

ಕಬ್ಬಿಣದ ಮೇಲೆ ನಡೆಯುವುದು ಎರಡು ಮೆಟ್ಟಿಲ ಕೆಲಸ. ಮೊದಲನೆಯದರಲ್ಲಿ ಕಾರ್ಬನ್ ಡೈಆಕ್ಸೈಡ್ ಒಂದು ಆಮ್ಲಜನಕ ಕಳಚಿಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಜೊತೆಗೆ ನೀರು. ಇದು ಮೋಲಿಗೆ 41 ಕಿಲೋಜೂಲ್ ಶಾಖ ಹೀರುತ್ತದೆ. ಇದನ್ನು ನಡೆಸುವುದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್. ಎರಡನೆಯದರಲ್ಲಿ ಮಾನಾಕ್ಸೈಡಿನ ಕಾರ್ಬನ್‌ಗಳು ಹೈಡ್ರೋಜನ್ ಜೊತೆ ಸೇರಿ ಸರಪಳಿಯಾಗುತ್ತವೆ. ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ 1920ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕಲ್ಲಿದ್ದಲ ಗ್ಯಾಸಿನಿಂದ ಮಾಡಿ ತೋರಿಸಿದ ಕ್ರಿಯೆ ಇದೇ. ಇದನ್ನು ನಡೆಸುವುದು ಕಬ್ಬಿಣದ ಕಾರ್ಬೈಡ್, ಮುಖ್ಯವಾಗಿ ಐದು ಕಬ್ಬಿಣಕ್ಕೆ ಎರಡು ಕಾರ್ಬನ್ ಇರುವ ಹ್ಯಾಗ್ ಕಾರ್ಬೈಡ್. ಎರಡೂ ಸೇರಿದರೆ ಮೋಲಿಗೆ ಸುಮಾರು 125 ಕಿಲೋಜೂಲ್ ಶಾಖ ಹೊರಬರುತ್ತದೆ. ಅಂದರೆ ನೀವು ಬಾಟಲಿಯಿಂದ ತೂಗಿ ಹಾಕುವ ಕೆಂಪು ಪುಡಿ ಕ್ಯಾಟಲಿಸ್ಟೇ ಅಲ್ಲ, ಅದು ಕಚ್ಚಾಮಾಲು. ಕ್ಯಾಟಲಿಸ್ಟ್ ಹುಟ್ಟುವುದು ರಿಯಾಕ್ಟರಿನೊಳಗೆ, ಗ್ಯಾಸಿನ ಕೈಯಲ್ಲಿ.

ಇದಕ್ಕೊಂದು ಅಡ್ಡದಾರಿ ಇದೆ. ಪಾಲ್ ಸಬಾತಿಯೆ 1902ರಲ್ಲಿ ನಿಕ್ಕೆಲ್ ಮೇಲೆ ಕಂಡ ದಾರಿ: ಒಂದು ಕಾರ್ಬನ್ ಡೈಆಕ್ಸೈಡಿಗೆ ನಾಲ್ಕು ಹೈಡ್ರೋಜನ್ ಸೇರಿ ಒಂದು ಮೀಥೇನ್, ಎರಡು ನೀರು. ಮೋಲಿಗೆ 165 ಕಿಲೋಜೂಲ್ ಶಾಖ ಬಿಡುವ ಈ ಕ್ರಿಯೆ ಶಕ್ತಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಸಲೀಸು. ಬಿಟ್ಟರೆ ಎಲ್ಲವೂ ಅತ್ತಲೇ ಹರಿಯುತ್ತದೆ. ಕ್ಯಾಟಲಿಸ್ಟ್ ವಿನ್ಯಾಸ ಎಂದರೆ ಅತ್ತ ಹೋಗದಂತೆ ಕಟ್ಟೆ ಕಟ್ಟುವುದು.

ಕಟ್ಟೆ ಎಲ್ಲಿ ಕಟ್ಟಬೇಕು? ಮೇಲ್ಮೈಯಲ್ಲಿ ಕೂತಿರುವ ಒಂದು ಕಾರ್ಬನ್ ತುಣುಕಿಗೆ ಎರಡೇ ಆಯ್ಕೆ. ಪಕ್ಕದ ಇನ್ನೊಂದು ಕಾರ್ಬನ್ ತುಣುಕಿನ ಜೊತೆ ಸೇರಿ ಬೆಳೆಯಬೇಕು, ಇಲ್ಲವೇ ಹೈಡ್ರೋಜನ್ ಕಟ್ಟಿಕೊಂಡು ಹಾರಿಹೋಗಬೇಕು. ಬೆಳೆಯುವ ಸಾಧ್ಯತೆಗೆ ಆಲ್ಫಾ ಎನ್ನುತ್ತಾರೆ. ಒಂದರಿಂದ ಆಲ್ಫಾ ಕಳೆದು ವರ್ಗ ಮಾಡಿದರೆ ತೂಕದಲ್ಲಿ ಮೀಥೇನಿನ ಪಾಲು ಸಿಗುತ್ತದೆ. ಆಲ್ಫಾ 0.5 ಇದ್ದರೆ ಮೀಥೇನ್ ಶೇ. 25, ಐದರಿಂದ ಹನ್ನೊಂದು ಕಾರ್ಬನ್‌ನ ಪೆಟ್ರೋಲ್ ಭಾಗ ಶೇ. 18. ಆಲ್ಫಾ 0.76ಕ್ಕೆ ಏರಿದರೆ ಮೀಥೇನ್ ಶೇ. 6ಕ್ಕೆ ಇಳಿಯುತ್ತದೆ, ಪೆಟ್ರೋಲ್ ಭಾಗ ಶೇ. 48 ಮುಟ್ಟುತ್ತದೆ. ಬರೀ ಕಬ್ಬಿಣದಿಂದ ಅದಕ್ಕಿಂತ ಹೆಚ್ಚು ಪೆಟ್ರೋಲ್ ನಿರೀಕ್ಷಿಸುವಂತಿಲ್ಲ. ಆಲ್ಫಾ ಇನ್ನೂ ಏರಿದರೆ ಡೀಸೆಲ್, ಮೇಣ ಬರುತ್ತದೆ. ನಿಮ್ಮ ಶೇ. 60ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಆಲ್ಫಾ 0.23ರ ಹತ್ತಿರ ನಿಲ್ಲುತ್ತದೆ. ನಾಲ್ಕು ತುಣುಕಿನಲ್ಲಿ ಮೂರು, ಕೂತ ಜಾಗದಲ್ಲೇ ಮೀಥೇನಾಗಿ ಎದ್ದು ಹೋಗುತ್ತಿವೆ.

ಕಾರಣ ನಿಮ್ಮ ಅಂಕಿಗಳಲ್ಲೇ ಇದೆ. ಹೊರಬರುವ ಗ್ಯಾಸಿನಲ್ಲಿ ಹೈಡ್ರೋಜನ್ 65, ಕಾರ್ಬನ್ ಮಾನಾಕ್ಸೈಡ್ 1.9. ಒಂದಕ್ಕೆ ಮೂವತ್ತನಾಲ್ಕು. ಕಲ್ಲಿದ್ದಲ ಗ್ಯಾಸಿನಿಂದ ಮಾಡುವವರಿಗೆ ಈ ಅನುಪಾತ ಒಂದಕ್ಕೆ ಎರಡರ ಆಸುಪಾಸು ಇರುತ್ತದೆ. ಅಲ್ಲಿ ಮಾನಾಕ್ಸೈಡ್ ಮೇಲ್ಮೈಯನ್ನು ದಟ್ಟವಾಗಿ ಮುಚ್ಚಿ ಹೈಡ್ರೋಜನ್‌ಗೆ ಜಾಗವೇ ಕೊಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೋಹಕ್ಕೆ ಅಷ್ಟು ಗಟ್ಟಿಯಾಗಿ ಅಂಟುವ ಅಣುವಲ್ಲ. ಹೀಗಾಗಿ ಮೇಲ್ಮೈ ತುಂಬ ಹೈಡ್ರೋಜನ್, ಅಲ್ಲೊಂದು ಇಲ್ಲೊಂದು ಕಾರ್ಬನ್. ಬೆಳೆಯಲು ಪಕ್ಕದಲ್ಲಿ ಜೊತೆ ಇಲ್ಲ.

ಕೋಬಾಲ್ಟ್ ಬೇಡ ಎಂದದ್ದು ಇದಕ್ಕೇ. ಅದಕ್ಕೆ ಮೊದಲ ಮೆಟ್ಟಿಲು ಹತ್ತಲು ಸರಿಯಾಗಿ ಬರುವುದಿಲ್ಲ. ಮಾನಾಕ್ಸೈಡ್ ಇಷ್ಟು ಕಡಿಮೆ ಇರುವ ಕಡೆ ಅದು ಹೆಚ್ಚುಕಡಿಮೆ ನಿಕ್ಕೆಲ್‌ನಂತೆಯೇ ನಡೆದುಕೊಳ್ಳುತ್ತದೆ. ನಿಮ್ಮ ಮೀಥೇನ್ ಶೇ. 60ರಿಂದ 90ಕ್ಕೆ ಹೋಗುತ್ತದೆ.

ಕಬ್ಬಿಣದ ಮೇಲಿನ ಹೈಡ್ರೋಜನ್ ಇಳಿಸುವ ಕೈ ಪೊಟ್ಯಾಶಿಯಂ. ಅದು ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್, ಮಾನಾಕ್ಸೈಡ್ ಎರಡೂ ಗಟ್ಟಿಯಾಗಿ ಕೂರುತ್ತವೆ, ಹೈಡ್ರೋಜನ್ನಿನ ಹಿಡಿತ ಸಡಿಲವಾಗುತ್ತದೆ, ಕಾರ್ಬೈಡ್ ಬೇಗ ಹುಟ್ಟಿ ಹೆಚ್ಚು ದಿನ ಬಾಳುತ್ತದೆ. ನಿಮ್ಮ ಕ್ಯಾಟಲಿಸ್ಟಿನಲ್ಲಿ ಇದು ಇಲ್ಲವೇ ಇಲ್ಲ. ಆದರೆ ಎಷ್ಟು ಹಾಕಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಆಧಾರವಿಲ್ಲದ ಬರೀ ಕಬ್ಬಿಣದ ಆಕ್ಸೈಡಿಗೆ ತೂಕದಲ್ಲಿ ಶೇ. 1–2 ಸಾಕಾಗಬಹುದು. ಅಲ್ಯೂಮಿನಾ ಮಾತ್ರ ಪೊಟ್ಯಾಶಿಯಂ ನುಂಗುತ್ತದೆ: ಅದರ ಮೇಲ್ಮೈಯ ಹೈಡ್ರಾಕ್ಸಿಲ್‌ಗಳು (ಆಮ್ಲಜನಕ-ಹೈಡ್ರೋಜನ್ ಜೋಡಿಗಳು) ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ, ಕಬ್ಬಿಣಕ್ಕೆ ತಲುಪುವುದು ಉಳಿದದ್ದು. ಆದ್ದರಿಂದ ಒಂದು ಮೋಲ್ ಕಬ್ಬಿಣಕ್ಕೆ 0.3ರಿಂದ 0.5 ಮೋಲ್ ಪೊಟ್ಯಾಶಿಯಂ ಇಟ್ಟುಕೊಳ್ಳಿ. ಇದು ಬೆಲ್ಲದ ಪಾಕದ ಹಾಗೆ, ಹದ ದಾಟಿದರೆ ಹಿಂದಕ್ಕೆ ಬರುವುದಿಲ್ಲ. ಹೆಚ್ಚಾದರೆ ರಂಧ್ರ ಮುಚ್ಚುತ್ತದೆ, ಪರಿವರ್ತನೆ ಬೀಳುತ್ತದೆ, ಮಾನಾಕ್ಸೈಡ್ ಹಾಗೇ ಹೊರಗೆ ಬರುತ್ತದೆ, ಮಸಿ ಕಟ್ಟುತ್ತದೆ. 0, 0.2, 0.4, 0.6 ಎಂದು ನಾಲ್ಕು ಕ್ಯಾಟಲಿಸ್ಟ್ ಮಾಡಿ ಗ್ರಾಫ್ ಎಳೆಯುವುದೇ ನಿಮ್ಮ ಮುಂದಿನ ಕೆಲಸ.

ತಯಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅರ್ಧ ತಪ್ಪು ಅಲ್ಲೇ ಆಗುವುದು. 10 ಗ್ರಾಂ ಅಲ್ಯೂಮಿನಾ ಲೆಕ್ಕ ಇಟ್ಟುಕೊಳ್ಳೋಣ. ಮೊದಲು ಅದನ್ನು 120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಬೇರೆಯಾಗಿ ಒಂದು ಗ್ರಾಂ ತೆಗೆದುಕೊಂಡು ಬ್ಯೂರೆಟ್‌ನಿಂದ ಹನಿ ಹನಿ ನೀರು ಬಿಡುತ್ತ ಗಾಜಿನ ಕಡ್ಡಿಯಿಂದ ಕಲಸಿ. ಮೊದಲು ಪುಡಿ ಪುಡಿಯಾಗೇ ಇರುತ್ತದೆ, ನೀರೆಲ್ಲ ಎಲ್ಲಿ ಹೋಯಿತೋ ಅನ್ನಿಸುತ್ತದೆ. ಒಂದು ಹಂತದಲ್ಲಿ ಕಡುಬಿನ ಹಿಟ್ಟಿನ ಹಾಗೆ ಒತ್ತಿದರೆ ಉಂಡೆಯಾಗಿ, ತಟ್ಟಿದರೆ ಉದುರುವಂತಾಗುತ್ತದೆ. ಇನ್ನೊಂದೆರಡು ಹನಿಗೆ ಮೇಲ್ಮೈ ಮಿನುಗಿ ಪಾತ್ರೆಗೆ ಮೆತ್ತಿಕೊಳ್ಳುತ್ತದೆ. ಮಿನುಗುವ ಮೊದಲು ನಿಲ್ಲಿಸಿದ ಅಂಕಿಯೇ ರಂಧ್ರದ ಗಾತ್ರ, ಅಂದರೆ ರಂಧ್ರಗಳೆಲ್ಲ ಸೇರಿ ಹಿಡಿಯುವ ದ್ರವದ ಅಳತೆ. ಗ್ರಾಮಿಗೆ 0.6 ಮಿಲಿಲೀಟರ್ ಬಂತು ಎನ್ನಿ. ಹತ್ತು ಗ್ರಾಮಿಗೆ 6 ಮಿಲಿಲೀಟರ್ ದ್ರಾವಣ, ಅದಕ್ಕಿಂತ ಹನಿಯೂ ಹೆಚ್ಚಿಲ್ಲ.

1.5 ಗ್ರಾಂ ಕಬ್ಬಿಣಕ್ಕೆ ಒಂಬತ್ತು ನೀರಿನ ಫೆರಿಕ್ ನೈಟ್ರೇಟ್ 10.85 ಗ್ರಾಂ ಬೇಕು. ಇಲ್ಲಿ ಒಂದು ತೊಡಕಿದೆ. ಇಷ್ಟು ಉಪ್ಪು ನೀರೇ ಹಾಕದೆ ಸುಮಾರು 6.5 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಆರು ಮಿಲಿಲೀಟರ್ ರಂಧ್ರದೊಳಗೆ ಒಂದೇ ಸಲಕ್ಕೆ ಹಿಡಿಸುವುದು ಸಾಧ್ಯವೇ ಇಲ್ಲ. ಹಿಡಿಸಿದೆವು ಎಂದುಕೊಂಡವರ ಕ್ಯಾಟಲಿಸ್ಟಿನಲ್ಲಿ ಕಬ್ಬಿಣ ಕಣದ ಹೊರಮೈಗೆ ತೊಗಟೆ ಕಟ್ಟಿರುತ್ತದೆ. ಎರಡು ಸಲ ಮಾಡಿ. 5.4 ಗ್ರಾಂ ಉಪ್ಪನ್ನು ಸಣ್ಣ ಅಳತೆಗಾಜಿನಲ್ಲಿ ಹಾಕಿ, ನೀರು ಸೇರಿಸಿ 6 ಮಿಲಿಲೀಟರ್‌ಗೆ ತಂದು, ಹನಿ ಹನಿಯಾಗಿ ಕಲಸಿ. ಕೋಣೆಯ ತಾಪದಲ್ಲಿ ಮೂರು ನಾಲ್ಕು ಗಂಟೆ ಬಿಡಿ. ಆಮೇಲೆ 110 ಡಿಗ್ರಿಯಲ್ಲಿ ಹನ್ನೆರಡು ಗಂಟೆ. ನೇರ ಓವನ್ನಿಗೆ ಇಟ್ಟರೆ ಈ ಉಪ್ಪು 47 ಡಿಗ್ರಿಯಲ್ಲೇ ತನ್ನ ಹರಳಿನ ನೀರಿನಲ್ಲಿ ಕರಗಿ ಹೊರಮೈಗೆ ಹರಿದು ಬರುತ್ತದೆ. ನಂತರ ಫರ್ನೇಸಿನಲ್ಲಿ ನಿಮಿಷಕ್ಕೆ 2 ಡಿಗ್ರಿಯಂತೆ 350ಕ್ಕೆ ಏರಿಸಿ ಎರಡು ಗಂಟೆ, ಗಾಳಿ ಹಾಯುತ್ತಿರಲಿ. ಕಂದು ಹೊಗೆ ಬರುತ್ತದೆ; ಅದು ನೈಟ್ರೋಜನ್ ಡೈಆಕ್ಸೈಡ್, ಫ್ಯೂಮ್ ಹುಡ್‌ನಲ್ಲೇ ಮಾಡಿ. ತಣಿದ ಮೇಲೆ ರಂಧ್ರದ ಗಾತ್ರ ಮತ್ತೆ ಅಳೆಯಿರಿ, ಅದು ಕಡಿಮೆಯಾಗಿರುತ್ತದೆ. ಉಳಿದ ಅರ್ಧ ಉಪ್ಪಿಗೂ ಇದೇ ಕ್ರಮ.

ಪೊಟ್ಯಾಶಿಯಂ ಕಾರ್ಬೊನೇಟನ್ನು ಕಬ್ಬಿಣದ ದ್ರಾವಣಕ್ಕೇ ಸುರಿಯಬೇಡಿ. ಫೆರಿಕ್ ನೈಟ್ರೇಟ್ ದ್ರಾವಣ ಚೆನ್ನಾಗಿ ಆಮ್ಲೀಯ. ನೊರೆಯುಕ್ಕಿ ಕೆಂಪು ಗಸಿ ಇಳಿಯುತ್ತದೆ. ಕಬ್ಬಿಣ ಕೂತು ಸುಟ್ಟಾದ ಮೇಲೆ ಕೊನೆಯ ಸುತ್ತಿನಲ್ಲಿ ಪ್ರತ್ಯೇಕವಾಗಿ ಹಾಕಿ: 0.2 ಅನುಪಾತಕ್ಕೆ 0.37 ಗ್ರಾಂ, 0.4ಕ್ಕೆ 0.74 ಗ್ರಾಂ, 0.6ಕ್ಕೆ 1.11 ಗ್ರಾಂ. ಮತ್ತೆ ಒಣಗಿಸಿ 400 ಡಿಗ್ರಿಯಲ್ಲಿ ನಾಲ್ಕು ಗಂಟೆ. ನಿಮ್ಮ 600 ಡಿಗ್ರಿ ಅತಿಯಾಯಿತು. ಆ ತಾಪದಲ್ಲಿ ಕಬ್ಬಿಣ ಅಲ್ಯೂಮಿನಾದ ಮೈಯೊಳಕ್ಕೆ ಇಳಿಯುತ್ತದೆ. ಆಮೇಲೆ ಹೈಡ್ರೋಜನ್ ಕೊಟ್ಟರೂ ಅದು ಕಬ್ಬಿಣ-ಅಲ್ಯೂಮಿನಿಯಂ ಸ್ಪಿನೆಲ್ (ಎರಡೂ ಬೆರೆತ ಗಟ್ಟಿ ಆಕ್ಸೈಡ್) ಆಗಿ ಸಿಕ್ಕಿಕೊಂಡು ಲೋಹವೂ ಆಗುವುದಿಲ್ಲ, ಕಾರ್ಬೈಡೂ ಆಗುವುದಿಲ್ಲ. ಕ್ಲೋರೈಡ್, ಸಲ್ಫೇಟ್ ಉಪ್ಪುಗಳನ್ನು ಬಳಸಿಲ್ಲ ಎಂಬುದು ಸಮಾಧಾನ. ಉಳಿಯುವ ಕ್ಲೋರಿನ್, ಗಂಧಕ ಎರಡೂ ಕಬ್ಬಿಣಕ್ಕೆ ವಿಷ. ಸಿದ್ಧವಾದದ್ದನ್ನು ಡೆಸಿಕೇಟರಿನಲ್ಲಿಡಿ, ಪೊಟ್ಯಾಶಿಯಂ ತೇವ ಎಳೆಯುತ್ತದೆ.

ತಾಮ್ರ, ಮ್ಯಾಂಗನೀಸ್, ಸತುವು ಹಾಕುವವರೂ ಇದ್ದಾರೆ. ತಾಮ್ರವಿದ್ದರೆ ಕಬ್ಬಿಣದ ಆಕ್ಸೈಡ್ ಕಡಿಮೆ ತಾಪದಲ್ಲೇ ಆಮ್ಲಜನಕ ಕಳಚಿ ಲೋಹವಾಗುತ್ತದೆ, ಮ್ಯಾಂಗನೀಸ್ ಒಲೆಫಿನ್ (ಕಾರ್ಬನ್‌ಗಳ ನಡುವೆ ಜೋಡಿ ಬಂಧವಿರುವ ಹೈಡ್ರೋಕಾರ್ಬನ್) ಹೆಚ್ಚಿಸುತ್ತದೆ. ಪೊಟ್ಯಾಶಿಯಮ್ಮಿನ ಹದ ಸಿಗುವ ತನಕ ಇವನ್ನು ಮುಟ್ಟಬೇಡಿ. ಎರಡು ತಿರುಪು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಈಗ ರಿಯಾಕ್ಟರ್. ಸ್ಟೀಲ್ ಟ್ಯೂಬ್ ಎಂದಿದ್ದೀರಿ. 316 ದರ್ಜೆಯ ಸ್ಟೀಲಿನಲ್ಲಿ ಶೇ. 10ಕ್ಕೂ ಹೆಚ್ಚು ನಿಕ್ಕೆಲ್ ಇರುತ್ತದೆ. ಹಲವು ಸಲ ಬಿಸಿ ಹೈಡ್ರೋಜನ್ ಉಂಡು ಪಳಗಿದ ಟ್ಯೂಬಿನ ಒಳಗೋಡೆ ತಾನೇ ಮೀಥೇನ್ ಮಾಡಬಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದ್ದರಿಂದ ಕ್ಯಾಟಲಿಸ್ಟ್ ಇಲ್ಲದೆ ಬರೀ ಸಿಲಿಕಾನ್ ಕಾರ್ಬೈಡ್ (ಕ್ರಿಯೆಯಲ್ಲಿ ಸೇರದ ಗಟ್ಟಿ ಕಣ) ತುಂಬಿ, ಅದೇ ಗ್ಯಾಸ್, 340 ಡಿಗ್ರಿ, 20 ಬಾರ್, ಆರು ಗಂಟೆ ಓಡಿಸಿ. ಜಿಸಿಯಲ್ಲಿ ಮೀಥೇನಿನ ಗುರುತಷ್ಟೇ ಕಾಣಬೇಕು. ಅದಕ್ಕಿಂತ ಹೆಚ್ಚು ಬಂದರೆ ಒಳಗೊಂದು ಕ್ವಾರ್ಟ್ಜ್ ಕೊಳವೆ ಇಟ್ಟು ಅದರಲ್ಲಿ ಬೆಡ್ (ಕ್ಯಾಟಲಿಸ್ಟ್ ಕಣಗಳ ಪದರ) ತುಂಬಿ. ನಾಲ್ಕೂ ಕ್ಯಾಟಲಿಸ್ಟ್ ಮಾಡುವ ಮೊದಲೇ ಈ ಬ್ಲಾಂಕ್ ಓಡಿಸಿ. ಇಲ್ಲದಿದ್ದರೆ ಟ್ಯೂಬಿನ ಮೀಥೇನನ್ನು ಕ್ಯಾಟಲಿಸ್ಟಿನ ತಲೆಗೆ ಕಟ್ಟುತ್ತೀರಿ.

ಪುಡಿಯನ್ನು ಪ್ರೆಸ್ಸಿನಲ್ಲಿ ಬಿಲ್ಲೆ ಒತ್ತಿ, ಕುಟ್ಟಿ, 40 ಮತ್ತು 60 ಮೆಷ್ ಜರಡಿಗಳ ನಡುವೆ ಉಳಿದದ್ದನ್ನು, ಅಂದರೆ 250ರಿಂದ 425 ಮೈಕ್ರಾನ್ ಕಣಗಳನ್ನು ತೆಗೆದುಕೊಳ್ಳಿ. ಒಂದು ಗ್ರಾಂ ಕ್ಯಾಟಲಿಸ್ಟಿಗೆ ಅದೇ ಗಾತ್ರದ 4 ಮಿಲಿಲೀಟರ್ ಸಿಲಿಕಾನ್ ಕಾರ್ಬೈಡ್ ಬೆರೆಸಿ. 9 ಮಿಲಿಮೀಟರ್ ಒಳವ್ಯಾಸದ ಟ್ಯೂಬಿನಲ್ಲಿ ಇದು 8 ಸೆಂಟಿಮೀಟರ್ ಎತ್ತರ ಬರುತ್ತದೆ. ಫರ್ನೇಸಿನ ಸಮತಾಪದ ಭಾಗ ಅದಕ್ಕಿಂತ ಉದ್ದ ಇದೆಯೇ ನೋಡಿಕೊಳ್ಳಿ. ತಾಪ ಅಳೆಯುವ ಥರ್ಮೋಕಪಲ್ ತುದಿ ಬೆಡ್ಡಿನ ಒಳಗಿರಬೇಕು, ಗೋಡೆಯ ಹೊರಗಲ್ಲ. ಬೆರಕೆಯಿಲ್ಲದ ಬೆಡ್ಡಿನಲ್ಲಿ ಒಂದು ಜಾಗ ಕಾದರೆ ಅಲ್ಲಿ ಮೀಥೇನ್ ಹೆಚ್ಚುತ್ತದೆ, ಮೀಥೇನ್ ಇನ್ನಷ್ಟು ಶಾಖ ಬಿಡುತ್ತದೆ, ಜಾಗ ಇನ್ನಷ್ಟು ಕಾಯುತ್ತದೆ. ಕಂಟ್ರೋಲರ್ 340 ತೋರಿಸುತ್ತಿದ್ದರೂ ಒಳಗೆ ಅದಕ್ಕಿಂತ ಎಷ್ಟೋ ಬಿಸಿಯಿರಬಹುದು. ನೀವು 320ಕ್ಕೆ ಇಳಿಯಿರಿ. ಹರಿವು ಗ್ರಾಮಿಗೆ ಗಂಟೆಗೆ 4000 ಮಿಲಿಲೀಟರ್ ಇರಲಿ: ನಿಮಿಷಕ್ಕೆ ಕಾರ್ಬನ್ ಡೈಆಕ್ಸೈಡ್ 16, ಹೈಡ್ರೋಜನ್ 48, ನೈಟ್ರೋಜನ್ 2.7 ಮಿಲಿಲೀಟರ್.

ಕ್ಯಾಟಲಿಸ್ಟನ್ನು ಎಬ್ಬಿಸುವ ಹಂತದಲ್ಲಿ ನೀವು ಹೈಡ್ರೋಜನ್ ಮಾತ್ರ ಕೊಟ್ಟಿದ್ದೀರಿ. ಅದರಿಂದ ಸಿಗುವುದು ಲೋಹದ ಕಬ್ಬಿಣ. ಕಾರ್ಬೈಡಾಗಲು ಅದಕ್ಕೆ ಕಾರ್ಬನ್ ಉಣಿಸಬೇಕು. 400 ಡಿಗ್ರಿಯಲ್ಲಿ ನಾಲ್ಕು ಗಂಟೆ ಹೈಡ್ರೋಜನ್ ಆದ ಮೇಲೆ ನೈಟ್ರೋಜನ್‌ನಲ್ಲಿ 300ಕ್ಕೆ ಇಳಿಸಿ, ಸಾಮಾನ್ಯ ಒತ್ತಡದಲ್ಲೇ ನೈಟ್ರೋಜನ್‌ನಲ್ಲಿ ಶೇ. 10 ಕಾರ್ಬನ್ ಮಾನಾಕ್ಸೈಡ್ ಇರುವ ಗ್ಯಾಸನ್ನು ಐದಾರು ಗಂಟೆ ಹಾಯಿಸಿ. ಅವಸರದಲ್ಲಿ ತಾಪ ಏರಿಸಿದರೆ ಮಾನಾಕ್ಸೈಡ್ ಒಡೆದು ಮಸಿಯಾಗುತ್ತದೆ. ಬೆಡ್ಡಿನ ಎರಡು ತುದಿಯ ಒತ್ತಡದ ವ್ಯತ್ಯಾಸ ಏರತೊಡಗಿದರೆ ಅದೇ ಸೂಚನೆ.

ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೋಡೆಯ ಮೇಲೊಂದು, ನಿಮ್ಮ ಕೋಟಿನ ಮೇಲೊಂದು ಡಿಟೆಕ್ಟರ್ ಇಲ್ಲದೆ ಸಿಲಿಂಡರ್ ತೆರೆಯಬೇಡಿ. ಇನ್ನೂ ಎರಡು ಅಪಾಯಗಳನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟೀಲ್ ಸಿಲಿಂಡರಿನಲ್ಲಿ ಬಹುಕಾಲ ಇದ್ದ ಮಾನಾಕ್ಸೈಡಿನಲ್ಲಿ ಕಬ್ಬಿಣದ ಕಾರ್ಬೊನಿಲ್ (ಲೋಹಕ್ಕೆ ಮಾನಾಕ್ಸೈಡ್ ಅಂಟಿ ಆಗುವ, ಸುಲಭವಾಗಿ ಆವಿಯಾಗುವ ಸಂಯುಕ್ತ) ಸೇರಿರುತ್ತದೆ. ಅದು ನಿಮ್ಮ ಬೆಡ್ಡಿನ ತಲೆಯ ಮೇಲೆ ಒಡೆದು ಲೆಕ್ಕದಲ್ಲಿಲ್ಲದ ಕಬ್ಬಿಣ ಕೂರಿಸುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ತರಿಸಿ, ಇಲ್ಲವೇ ಬಿಸಿ ಅಲ್ಯೂಮಿನಾ ತುಂಬಿದ ಟ್ರ್ಯಾಪ್ ಹಾಕಿ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ನಿಕ್ಕೆಲ್ ಇರುವ ಸ್ಟೀಲಿನ ಮೇಲೆ 50ರಿಂದ 200 ಡಿಗ್ರಿ ನಡುವೆ ಮಾನಾಕ್ಸೈಡ್ ನಿಂತರೆ ನಿಕ್ಕೆಲ್ ಕಾರ್ಬೊನಿಲ್ ಹುಟ್ಟಬಹುದು, ಅದು ಅತ್ಯಂತ ವಿಷಕಾರಿ. ಆದ್ದರಿಂದ ರಿಯಾಕ್ಟರ್ ತಣಿಸುವಾಗ 250 ಡಿಗ್ರಿಯಲ್ಲೇ ಮಾನಾಕ್ಸೈಡ್ ನಿಲ್ಲಿಸಿ, ನೈಟ್ರೋಜನ್ ಹಾಯಿಸಿ ಪೂರ್ತಿ ತೊಳೆದು, ಆಮೇಲೆ ಇಳಿಸಿ. ಬಿಸಿ ಮಾಡುವಾಗಲೂ ನೈಟ್ರೋಜನ್‌ನಲ್ಲೇ ಏರಿಸಿ. ಇಷ್ಟಕ್ಕೆಲ್ಲ ವ್ಯವಸ್ಥೆ ಇಲ್ಲದಿದ್ದರೆ ಮಾನಾಕ್ಸೈಡಿನ ಗೋಜಿಗೇ ಹೋಗಬೇಡಿ. ಪೊಟ್ಯಾಶಿಯಂ ಇರುವ ಕಬ್ಬಿಣ ನಿಮ್ಮ ಕ್ರಿಯೆಯ ಗ್ಯಾಸಿನಲ್ಲೇ ನಿಧಾನವಾಗಿ ಕಾರ್ಬೈಡ್ ಆಗುತ್ತದೆ. ಹೇಗೂ ಮೊದಲ 24 ಗಂಟೆಯ ಅಂಕಿಗಳು ಕ್ಯಾಟಲಿಸ್ಟ್ ಹುಟ್ಟುತ್ತಿರುವ ಕಾಲದವು, ಅವನ್ನು ತೀರ್ಮಾನಕ್ಕೆ ಬಳಸುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಏನು ಕಾಣಬೇಕು? ಪೊಟ್ಯಾಶಿಯಂ ಏರಿದಂತೆ ಮೀಥೇನ್ ಶೇ. 60ರಿಂದ 20ರ ಕೆಳಗೆ ಬಂದರೆ ದಾರಿ ಸರಿ ಇದೆ. ಪರಿವರ್ತನೆ ಮಾತ್ರ ಮುಗಿಲಿಗೇರುವುದಿಲ್ಲ. 320 ಡಿಗ್ರಿಯಲ್ಲಿ, ಮೂರು ಹೈಡ್ರೋಜನ್‌ಗೆ ಒಂದು ಕಾರ್ಬನ್ ಡೈಆಕ್ಸೈಡ್ ಇರುವ ಗ್ಯಾಸಿನಲ್ಲಿ ಮೊದಲ ಮೆಟ್ಟಿಲು ಒಂದೇ ನಡೆದರೆ ಸಮತೋಲನ ಶೇ. 27ರ ಹತ್ತಿರ ಅದನ್ನು ತಡೆಯುತ್ತದೆ. ಎರಡನೇ ಮೆಟ್ಟಿಲು ಮಾನಾಕ್ಸೈಡನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೋ ಅಷ್ಟರಮಟ್ಟಿಗೆ ಮಾತ್ರ ಅದನ್ನು ದಾಟಬಹುದು.

ಪ್ರಕಟವಾದ ಅಂಕಿಗಳ ಜೊತೆ ಹೋಲಿಸುವಾಗ ಎಚ್ಚರ. ಚೀನಾದ ದಾಲಿಯನ್ ಸಂಸ್ಥೆಯವರು 2017ರಲ್ಲಿ ಸೋಡಿಯಂ ಬೆರೆತ ಮ್ಯಾಗ್ನೆಟೈಟ್ ಮತ್ತು ಎಚ್-ಝಡ್‌ಎಸ್‌ಎಂ-5 ಝಿಯೋಲೈಟ್ ಜೋಡಿಸಿ 320 ಡಿಗ್ರಿ, 30 ಬಾರ್‌ನಲ್ಲಿ ಶೇ. 22 ಪರಿವರ್ತನೆ ತೋರಿಸಿದರು, ಹೈಡ್ರೋಕಾರ್ಬನ್‌ಗಳಲ್ಲಿ ಶೇ. 78 ಪೆಟ್ರೋಲ್ ಭಾಗ, ಮೀಥೇನ್ ಬರೀ ಶೇ. 4. ಸಾವಿರ ಗಂಟೆ ಓಡಿಸಿದ್ದೂ ಉಂಟು. ಒಳ್ಳೆಯ ಕೆಲಸವೇ. ಆದರೆ ಆ 78 ಹೈಡ್ರೋಕಾರ್ಬನ್‌ಗಳೊಳಗಿನ ಪಾಲು. ಬದಲಾದ ಕಾರ್ಬನ್‌ನಲ್ಲಿ ಐದರಲ್ಲೊಂದು ಭಾಗ ಮಾನಾಕ್ಸೈಡಾಗಿಯೇ ಹೊರಬಂದಿದೆ. ಮೂರನ್ನೂ (0.22, 0.8, 0.78) ಗುಣಿಸಿದರೆ 100 ಕಾರ್ಬನ್‌ನಲ್ಲಿ ಪೆಟ್ರೋಲಾದದ್ದು ಸುಮಾರು 14. ಅದೇ ವರ್ಷ ಶಾಂಘೈನ ತಂಡವೊಂದು ಇಂಡಿಯಂ ಆಕ್ಸೈಡ್ ಮತ್ತು ಅದೇ ಝಿಯೋಲೈಟ್ ಬಳಸಿ, ಮೆಥನಾಲ್ ದಾರಿಯಲ್ಲಿ ಹೋಗಿ, ಐದು ಕಾರ್ಬನ್ ಮೇಲ್ಪಟ್ಟದ್ದು ಶೇ. 78.6 ಎಂದಿತು. ಅಲ್ಲಿ ಪರಿವರ್ತನೆ ಶೇ. 13, ಮಾನಾಕ್ಸೈಡ್ ಪಾಲು 45ರ ಹತ್ತಿರ. ಗುಣಿಸಿದರೆ 6 ಕೂಡ ಇಲ್ಲ. 2020ರಲ್ಲಿ ಆಕ್ಸ್‌ಫರ್ಡ್‌ನವರು ಕಬ್ಬಿಣ, ಮ್ಯಾಂಗನೀಸ್, ಪೊಟ್ಯಾಶಿಯಂ ಉಪ್ಪುಗಳನ್ನು ಸಿಟ್ರಿಕ್ ಆಮ್ಲದ ಜೊತೆ ಕಲಸಿ ಸುಟ್ಟು ಮಾಡಿದ ಕ್ಯಾಟಲಿಸ್ಟ್ ನನಗೆ ಹೆಚ್ಚು ಪಾಠ ಕಲಿಸುವಂಥದ್ದು ಅನ್ನಿಸುತ್ತದೆ: ಝಿಯೋಲೈಟೇ ಇಲ್ಲದೆ, 300 ಡಿಗ್ರಿ, 10 ಬಾರ್‌ನಲ್ಲಿ ಶೇ. 38 ಪರಿವರ್ತನೆ, ಎಂಟರಿಂದ ಹದಿನಾರು ಕಾರ್ಬನ್‌ನ ವಿಮಾನ ಇಂಧನದ ಭಾಗ ಸುಮಾರು ಶೇ. 48, ಮೀಥೇನ್ ಶೇ. 10. ಕಬ್ಬಿಣ ಸರಿಹೋದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಝಿಯೋಲೈಟ್ ಆಮೇಲೆ ಎಂದದ್ದೂ ಇದಕ್ಕೇ. ಅದು ಮೀಥೇನನ್ನು ಪೆಟ್ರೋಲ್ ಮಾಡುವುದಿಲ್ಲ. ಕಬ್ಬಿಣ ಕೊಡುವ ಎರಡರಿಂದ ನಾಲ್ಕು ಕಾರ್ಬನ್‌ನ ಒಲೆಫಿನ್‌ಗಳನ್ನು ತನ್ನ 0.55 ನ್ಯಾನೋಮೀಟರ್ ರಂಧ್ರಗಳಲ್ಲಿ ಜೋಡಿಸುತ್ತದೆ, ಕವಲೊಡೆಸುತ್ತದೆ, ಉಂಗುರ ಕಟ್ಟುತ್ತದೆ. ನಿಮ್ಮಲ್ಲಿ ಈಗ ಜೋಡಿಸಲು ಒಲೆಫಿನ್ನೇ ಇಲ್ಲ. ಬೆರೆಸುವ ದಿನ ಬಂದಾಗ ಎರಡನ್ನೂ ಒರಳಿನಲ್ಲಿ ಒಟ್ಟಿಗೆ ಅರೆಯಬೇಡಿ. ಪೊಟ್ಯಾಶಿಯಂ ಅಲೆಮಾರಿ, ತಾಗಿಕೊಂಡಿದ್ದರೆ ಝಿಯೋಲೈಟಿನ ಆಮ್ಲ ಜಾಗಗಳಿಗೆ ನಡೆದು ಹೋಗಿ ಅವನ್ನು ಕೊಲ್ಲುತ್ತದೆ, ಇತ್ತ ಕಬ್ಬಿಣ ತನ್ನ ಪೊಟ್ಯಾಶಿಯಂ ಕಳೆದುಕೊಂಡು ಮತ್ತೆ ಮೀಥೇನಿಗೆ ಇಳಿಯುತ್ತದೆ. ಒಂದೇ ತಪ್ಪಿಗೆ ಎರಡು ಕ್ಯಾಟಲಿಸ್ಟ್ ಹಾಳು. ಬೇರೆ ಬೇರೆ ಬಿಲ್ಲೆ ಒತ್ತಿ, ಜರಡಿ ಹಿಡಿದು, ಕಣಗಳಾಗಿ ಬೆರೆಸಿ; ಅಥವಾ ಮೇಲೆ ಕಬ್ಬಿಣ, ನಡುವೆ ಕ್ವಾರ್ಟ್ಜ್ ಹತ್ತಿ, ಕೆಳಗೆ ಝಿಯೋಲೈಟ್. ಅಂಗಡಿಯಿಂದ ಅಮೋನಿಯಂ ರೂಪದಲ್ಲಿ ಬಂದಿದ್ದರೆ 550 ಡಿಗ್ರಿಯಲ್ಲಿ ಐದಾರು ಗಂಟೆ ಸುಟ್ಟು ಆಮ್ಲ ರೂಪಕ್ಕೆ ತರಬೇಕು.

ಇನ್ನು ನೀರಿನ ಮಾತು. ಒಂದು ಕಿಲೋ ಹೈಡ್ರೋಕಾರ್ಬನ್ ಮಾಡಲು ಸುಮಾರು 3.1 ಕಿಲೋ ಕಾರ್ಬನ್ ಡೈಆಕ್ಸೈಡ್, 0.43 ಕಿಲೋ ಹೈಡ್ರೋಜನ್ ಬೇಕು, ಜೊತೆಗೆ 2.6 ಕಿಲೋ ನೀರು ಬರುತ್ತದೆ. ಕೊಟ್ಟ ಹೈಡ್ರೋಜನ್ನಿನಲ್ಲಿ ಮೂರರಲ್ಲಿ ಎರಡು ಪಾಲು ನೀರಾಗಿ ಹೋಗುತ್ತದೆ. (ಎಲೆಕ್ಟ್ರೋಲೈಸರಿನಲ್ಲಿ ಕಿಲೋ ಹೈಡ್ರೋಜನ್‌ಗೆ 50 ಯೂನಿಟ್ ಮೇಲೆ ಕರೆಂಟ್ ತಗಲುವುದರಿಂದ, 12 ಯೂನಿಟ್ ಶಾಖ ಕೊಡುವ ಒಂದು ಕಿಲೋ ಇಂಧನಕ್ಕೆ ಹೈಡ್ರೋಜನ್ ಒಂದಕ್ಕೇ 22 ಯೂನಿಟ್ ಹೋಗುತ್ತದೆ. ನಿಮ್ಮ ಪ್ರಬಂಧದ ಮೊದಲ ಪುಟದಲ್ಲಿ ಇದನ್ನು ಮುಚ್ಚಿಡದೆ ಬರೆಯಿರಿ.) ಈ ನೀರಿನ ಆವಿ ಬೆಡ್ಡಿನ ಕೆಳಭಾಗದಲ್ಲಿ ಹೆಚ್ಚುತ್ತ ಹೋಗಿ ಕಾರ್ಬೈಡನ್ನು ಮತ್ತೆ ಮ್ಯಾಗ್ನೆಟೈಟ್ ಮಾಡುತ್ತದೆ. ಸ್ವಲ್ಪ ಮ್ಯಾಗ್ನೆಟೈಟ್ ಬೇಕೇ ಬೇಕು, ಮೊದಲ ಮೆಟ್ಟಿಲು ಅದರದ್ದು. ಪೂರ್ತಿ ಅದೇ ಆದರೆ ಸರಪಳಿ ನಿಂತು ಬರೀ ಮಾನಾಕ್ಸೈಡ್ ಬರುತ್ತದೆ.

ಇದು ಆಗಿದೆಯೇ ಎಂದು ನೋಡಲು ಬಳಸಿದ ಕ್ಯಾಟಲಿಸ್ಟನ್ನು ಹೊರತೆಗೆಯಬೇಕು, ಅದಕ್ಕೂ ಕ್ರಮವಿದೆ. ಕಾರ್ಬೈಡ್ ಮತ್ತು ಲೋಹದ ಕಬ್ಬಿಣ ಗಾಳಿ ತಾಗಿದೊಡನೆ ಕೆಂಡವಾಗಬಲ್ಲವು. ಕೋಣೆಯ ತಾಪಕ್ಕೆ ಇಳಿಸಿ, ನೈಟ್ರೋಜನ್‌ನಲ್ಲಿ ಶೇ. 1 ಆಮ್ಲಜನಕ ಬೆರೆಸಿ ನಾಲ್ಕಾರು ಗಂಟೆ ಹಾಯಿಸಿ. ಥರ್ಮೋಕಪಲ್ ಮುಳ್ಳು ಅಲುಗದೆ ನಿಂತ ಮೇಲೆ ಬಿಚ್ಚಿ. ಬೆಡ್ಡನ್ನು ಒಟ್ಟಿಗೆ ಸುರಿಯದೆ ಮೇಲಿನ, ನಡುವಿನ, ಕೆಳಗಿನ ಭಾಗಗಳನ್ನು ಮೂರು ಬಾಟಲಿಗೆ ತೆಗೆಯಿರಿ. ಎಕ್ಸ್‌ಆರ್‌ಡಿಗೆ (ಎಕ್ಸ್ ಕಿರಣದಿಂದ ಹರಳಿನ ರಚನೆ ಗುರುತಿಸುವ ಪರೀಕ್ಷೆ) ಕಳಿಸುವಾಗ ತಾಮ್ರದ ಬದಲು ಕೋಬಾಲ್ಟ್ ಟ್ಯೂಬ್ ಇರುವ ಯಂತ್ರ ಕೇಳಿ, ತಾಮ್ರದ ಕಿರಣಕ್ಕೆ ಕಬ್ಬಿಣ ತಾನೇ ಹೊಳೆದು ಹಿನ್ನೆಲೆ ಎತ್ತರಿಸುತ್ತದೆ. ಸಿಲಿಕಾನ್ ಕಾರ್ಬೈಡಿನ ಗೆರೆಗಳು ಅಡ್ಡ ಬರುತ್ತವೆ. ಕಬ್ಬಿಣದ ಕಣಗಳನ್ನು ಆಯಸ್ಕಾಂತದಿಂದ ಬೇರ್ಪಡಿಸಿ ಕೊಡಿ. ಮೇಲಿನ ಬಾಟಲಿಯಲ್ಲಿ ಕಾರ್ಬೈಡ್, ಕೆಳಗಿನದರಲ್ಲಿ ಬರೀ ಮ್ಯಾಗ್ನೆಟೈಟ್ ಸಿಕ್ಕರೆ ನೀರು ಗೆದ್ದಿದೆ, ಹರಿವು ಹೆಚ್ಚಿಸಿ ಪರಿವರ್ತನೆ ತುಸು ಇಳಿಸಿ. ಮೂರರಲ್ಲೂ ಲೋಹದ ಕಬ್ಬಿಣದ ಗೆರೆ ಉಳಿದಿದ್ದರೆ ಕಾರ್ಬನ್ ಉಣಿಸಿದ್ದು ಸಾಲಲಿಲ್ಲ. ಮೂರರಲ್ಲೂ ಕಬ್ಬಿಣದ ಯಾವ ಗೆರೆಯೂ ಸ್ಪಷ್ಟವಾಗಿ ಕಾಣದಿದ್ದರೆ ಫರ್ನೇಸಿನ ಥರ್ಮೋಕಪಲ್ ಸರಿಯಿದೆಯೇ ನೋಡಿ. ಅದು ಕಡಿಮೆ ತೋರಿಸುತ್ತಿದ್ದರೆ ನಿಮ್ಮ 400 ಡಿಗ್ರಿ ನಿಜವಾಗಿ 400 ಆಗಿರಲಿಲ್ಲ, ಕಬ್ಬಿಣ ಮತ್ತೆ ಅಲ್ಯೂಮಿನಾದೊಳಗೆ ಸೇರಿದೆ.